ಕೃತಕ ಮೂಳೆ ಇರುವಾಗ ಸೊಂಟದ ಮೂಳೆಯನ್ನೇಕೆ ತೆಗೆಯಬೇಕು?

ಓದುಗರ ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಆರು ವಾರಗಳ ಹಿಂದೆ ರಸ್ತೆ ಅಪಘಾತದಲ್ಲಿ ಅವನ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದು ಚರ್ಮವನ್ನು ಸೀಳಿಕೊಂಡು ಹೊರಬಂದಿತ್ತು. ನಡುಭಾಗದಲ್ಲಿ ಸುಮಾರು 3 ಸೆಂಟಿಮೀಟರ್‌ನಷ್ಟು ಮೂಳೆ ಪುಡಿಯಾಗಿ ಹೋಗಿದೆ. ಈಗ ಗಾಯ ಮಾಗಿದೆ. ಪ್ಲೇಟು ಹಾಕಿ, ಖಾಲಿ ಜಾಗದಲ್ಲಿ ಸದ್ಯಕ್ಕೆ ಸಿಮೆಂಟಿನ ತುಂಡೊಂದನ್ನು ಇಟ್ಟಿದ್ದಾರೆ. ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಸೊಂಟದಿಂದ ಮೂಳೆ ತೆಗೆದು ತುಂಬಬೇಕು ಎಂದು ಒಬ್ಬ ವೈದ್ಯರು ಹೇಳಿದರೆ, ಅದರ ಜೊತೆ ಕೃತಕ ಮೂಳೆಯ ಹರಳುಗಳನ್ನೂ ಬೆರೆಸಬಹುದು ಎಂದು ಇನ್ನೊಬ್ಬರು ಹೇಳಿದ್ದಾರೆ. ಈ ಕೃತಕ ವಸ್ತು ಕೊನೆಗೆ ನಿಜವಾದ ಮೂಳೆಯಾಗುತ್ತದೆಯೇ? ಅದು ಜೀವನಪೂರ್ತಿ ದೇಹದಲ್ಲೇ ಉಳಿಯುತ್ತದೆಯೇ? ವೈದ್ಯವಿಜ್ಞಾನ ಇಷ್ಟು ಮುಂದುವರಿದ ಮೇಲೂ ಚೆನ್ನಾಗಿರುವ ಸೊಂಟವನ್ನು ಕೊಯ್ಯಲೇಬೇಕೇ?

ತಜ್ಞರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದೆರಡು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಉದ್ದನೆಯ ಮೂಳೆಯ ನಡುವೆ ಸುತ್ತಳತೆ ಪೂರ್ತಿ 3 ಸೆಂಟಿಮೀಟರ್ ಕಳೆದುಹೋದಾಗ ಅದನ್ನು ಬರೀ ಕೃತಕ ವಸ್ತುವಿನಿಂದ ತುಂಬಿ ಕೂಡಿಸಬಹುದೆಂದು ನಾನು ಹೇಳಲಾರೆ. ಅಂಥ ಕಡೆ ರೋಗಿಯ ಸ್ವಂತ ಮೂಳೆಯೇ ಇಂದಿಗೂ ಮೊದಲ ಆಯ್ಕೆ. ಹಾಗೆಂದು ಕೃತಕ ಹರಳುಗಳನ್ನು ಬೆರೆಸುತ್ತೇವೆ ಎಂದ ವೈದ್ಯರ ಮಾತು ತಪ್ಪಲ್ಲ. ಅವರಿಬ್ಬರ ನಡುವೆ ನಿಮಗೆ ಕಾಣುವ ಭಿನ್ನಾಭಿಪ್ರಾಯ ಬಹುಮಟ್ಟಿಗೆ ಪ್ರಮಾಣಕ್ಕೆ ಸಂಬಂಧಿಸಿದ್ದು.

ಮುರಿದ ಮೂಳೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಚರ್ಮದಂತೆ ಕಲೆ ಬಿಟ್ಟು ಮಾಗದೆ, ಹಿಂದಿನ ಮೂಳೆಯಂಥದೇ ಮೂಳೆಯನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿ ಅದಕ್ಕಿದೆ. ಆದರೆ ಆ ಶಕ್ತಿಗೊಂದು ಮಿತಿಯಿದೆ. ಎರಡು ತುದಿಗಳ ನಡುವಿನ ಅಂತರ ಸುಮಾರು 1 ರಿಂದ 2 ಸೆಂಟಿಮೀಟರ್ ದಾಟಿ, ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿದ್ದರೆ, ಎಷ್ಟು ಕಾಲ ಕಾದರೂ ಆ ಅಂತರ ತಾನಾಗಿ ಮುಚ್ಚುವ ಸಂಭವ ತೀರ ಕಡಿಮೆ. ಅಲ್ಲಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬಂದು ಕೂರುತ್ತದೆ. ನಿಮ್ಮ ತಮ್ಮನ ಮೂಳೆ ಈ ಗೆರೆಯನ್ನು ದಾಟಿದೆ. ಆದ್ದರಿಂದಲೇ ಕಸಿ ಬೇಕಾಗಿರುವುದು.

ಆ ಖಾಲಿ ಜಾಗದಲ್ಲಿ ಮೂಳೆ ಬೆಳೆಯಬೇಕಾದರೆ ಏನೇನು ಸೇರಬೇಕು? ಮೂಳೆಯನ್ನು ಕಟ್ಟುವ ಜೀವಕೋಶಗಳು ಬೇಕು. ಆ ಕೋಶಗಳನ್ನು ಕರೆದು, ಎಚ್ಚರಿಸಿ, ಕೆಲಸಕ್ಕೆ ಹಚ್ಚುವ ಪ್ರೋಟೀನುಗಳು ಬೇಕು. ಕೋಶಗಳು ಅಂಟಿಕೊಂಡು ಮುಂದೆ ಸಾಗಲು ಒಂದು ಆಸರೆ ಬೇಕು. ಸ್ಕ್ಯಾಫೋಲ್ಡ್ ಎಂದು ವೈದ್ಯರು ಕರೆಯುವುದು ಇದನ್ನೇ, ನಾನು ಇಲ್ಲಿ ಹಂದರ ಎನ್ನುತ್ತೇನೆ. ಇವೆಲ್ಲ ಅಲುಗಾಡದಂತೆ ಹಿಡಿದಿಡುವ ಭದ್ರತೆ ಬೇಕು. ಅದನ್ನು ಪ್ಲೇಟು, ಸ್ಕ್ರೂಗಳು ಒದಗಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ರಕ್ತ ಬೇಕು. ಜೀವಕೋಶವೊಂದು ರಕ್ತದ ಲೋಮನಾಳದಿಂದ ಸುಮಾರು 100 ರಿಂದ 200 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ದೂರ ಹೋದರೆ ಆಮ್ಲಜನಕ ಸಾಕಷ್ಟು ತಲುಪದೆ ಬಾಳಲಾರದು. 3 ಸೆಂಟಿಮೀಟರ್ ಅಂತರದ ನಡುಮಧ್ಯಕ್ಕೆ ಎರಡು ಕಡೆಯಿಂದಲೂ 15 ಮಿಲಿಮೀಟರ್ ದೂರವಿದೆ ಎಂಬುದನ್ನು ನೆನೆದರೆ ಸಮಸ್ಯೆಯ ಗಾತ್ರ ಅರ್ಥವಾಗುತ್ತದೆ.

ಸೊಂಟದ ಮೂಳೆಯ ಅಂಚಿನಿಂದ ತೆಗೆದ ಮೆದು ಮೂಳೆಯ ಚೂರುಗಳಲ್ಲಿ ಈ ಪಟ್ಟಿಯ ಮೊದಲ ಮೂರೂ ಒಟ್ಟಿಗೆ ಇವೆ: ಜೀವಂತ ಕೋಶಗಳು, ಅವನ್ನು ಎಚ್ಚರಿಸುವ ಪ್ರೋಟೀನುಗಳು, ಜಾಲರಿಯಂಥ ರಚನೆ. ಅದು ಆತನದೇ ಮೂಳೆಯಾದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ, ಇನ್ನೊಬ್ಬರ ರೋಗ ಅಂಟುವ ಭಯವೂ ಇಲ್ಲ. ಕೃತಕ ಹರಳುಗಳಲ್ಲಿ ಇರುವುದು ಮೂರನೆಯದು ಮಾತ್ರ, ಅಂದರೆ ಹಂದರ. ಬಳ್ಳಿಗೆ ಹಂದರ ಹಾಕಿಕೊಟ್ಟರೆ ಅದು ಹಬ್ಬುತ್ತದೆ. ಬೇರೇ ಇಲ್ಲದ ಕಡೆ ಎಷ್ಟು ಒಳ್ಳೆಯ ಹಂದರ ಹಾಕಿದರೂ ಅದರ ಮೇಲೆ ಏನೂ ಹಬ್ಬುವುದಿಲ್ಲ. ಸುತ್ತಲೂ ಆರೋಗ್ಯವಂತ ಮೂಳೆಯಿದ್ದು ನಡುವೆ ಒಂದು ಗುಳಿ ಬಿದ್ದಿದ್ದರೆ ಅಲ್ಲಿ ಬೇರಿಗೆ ಕೊರತೆಯಿಲ್ಲ, ಹಂದರವೊಂದೇ ಸಾಕು. ಪುಡಿಯಾದ ಮೂಳೆ, ಹರಿದ ಮಾಂಸಖಂಡ, ತುಂಡಾದ ರಕ್ತನಾಳಗಳ ನಡುವಿನ ಪೂರ್ತಿ ಅಂತರದಲ್ಲಿ ಕೊರತೆಯಿರುವುದು ಮುಖ್ಯವಾಗಿ ಕೋಶಗಳಿಗೆ ಮತ್ತು ರಕ್ತಕ್ಕೆ. ಯಾವ ಕಂಪನಿಯ ಯಾವ ವಸ್ತು ಒಳ್ಳೆಯದು ಎಂದು ಹುಡುಕುವ ಮೊದಲು, ಈ ಗಾಯದಲ್ಲಿ ಯಾವುದು ಇಲ್ಲ ಎಂದು ಕೇಳಿಕೊಳ್ಳಬೇಕು. ನನ್ನ ಇಡೀ ಉತ್ತರ ಈ ಒಂದು ಮಾತಿನ ವಿಸ್ತರಣೆ.

ಸೊಂಟದಿಂದ ಮೂಳೆ ತೆಗೆಯುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಇನ್ನೊಂದು ಗಾಯ, ಶಸ್ತ್ರಚಿಕಿತ್ಸೆಗೆ ಹೆಚ್ಚು ಸಮಯ, ಕೆಲವರಿಗೆ ಕಾಲಿಗಿಂತ ಸೊಂಟದಲ್ಲೇ ಹೆಚ್ಚು ನೋವು. ಆ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಚಿನ ಮುಂಭಾಗದಿಂದ ತೆಗೆಯುವಾಗ ತೊಡೆಯ ಹೊರಬದಿಗೆ ಹೋಗುವ ನರಕ್ಕೆ ಪೆಟ್ಟಾದರೆ ಅಲ್ಲಿ ಮರಗಟ್ಟಿದಂತಾಗುತ್ತದೆ. ಸಿಗುವ ಮೂಳೆಯೂ ಅಪರಿಮಿತವಲ್ಲ. ನಿಮ್ಮ ತಮ್ಮನ ವಿಷಯದಲ್ಲಿ ಒಂದು ಅಂದಾಜು ಲೆಕ್ಕ ಹಾಕೋಣ: ಆ ಜಾಗದಲ್ಲಿ ಮೂಳೆಯ ಅಡ್ಡಳತೆ ಸುಮಾರು 2.5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 3 ಸೆಂಟಿಮೀಟರ್ ಉದ್ದಕ್ಕೆ ತುಂಬಬೇಕಾದದ್ದು ಸುಮಾರು 15 ಘನ ಸೆಂಟಿಮೀಟರ್. ಸೊಂಟದ ಒಂದು ಬದಿಯಿಂದ ಇಷ್ಟು ಸಾಮಾನ್ಯವಾಗಿ ದೊರೆಯುತ್ತದೆ. ಅಂತರ 7 ಅಥವಾ 8 ಸೆಂಟಿಮೀಟರ್ ಆಗಿದ್ದರೆ ದೊರೆಯುವುದು ಅನುಮಾನ, ಆಗ ಕೃತಕ ಹರಳುಗಳನ್ನು ಬೆರೆಸಿ ಪ್ರಮಾಣವನ್ನು ಹಿಗ್ಗಿಸಬೇಕಾಗುತ್ತದೆ. ತೊಡೆಮೂಳೆಯ ಒಳಟೊಳ್ಳನ್ನು ಕೊರೆದು ಅಲ್ಲಿಂದ ಮೂಳೆಯ ಚೂರುಗಳನ್ನು ಹೀರಿ ತೆಗೆಯುವ ಉಪಕರಣವೂ ಇದೆ. ಹೆಚ್ಚು ಪ್ರಮಾಣ ಬೇಕಾದಾಗ ಸೊಂಟದ ನೋವನ್ನು ತಪ್ಪಿಸಲು ಅದನ್ನು ಬಳಸುತ್ತಾರೆ.

ಇನ್ನು ಕೃತಕ ವಸ್ತುಗಳ ವಿಷಯ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ; ಅದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಅಪಟೈಟ್ ಜಾತಿಯ ಹರಳು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲ್ಲಾಜನ್ ಎಂಬ ನಾರಿನಂಥ ಪ್ರೋಟೀನ್ ಮತ್ತು ನೀರು. ಖನಿಜ ಮೂಳೆಗೆ ಗಡಸುತನ ಕೊಟ್ಟರೆ ಕೊಲ್ಲಾಜನ್ ಅದು ಮಡಕೆಯ ಚೂರಿನಂತೆ ಸಿಡಿಯದ ಹಾಗೆ ನೋಡಿಕೊಳ್ಳುತ್ತದೆ. ಖನಿಜದ ಭಾಗವನ್ನು ಪ್ರಯೋಗಾಲಯದಲ್ಲಿ ತಯಾರಿಸುವುದು ಕಷ್ಟವಲ್ಲ, ಹಾಗಾಗಿ ಕೃತಕ ಹಂದರಗಳಲ್ಲಿ ಬಹುಪಾಲು ಆ ಖನಿಜವನ್ನು ಅನುಸರಿಸಿದವೇ. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಎಂಬ ಶಸ್ತ್ರವೈದ್ಯರು ಮೂಳೆಯ ಗುಳಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ತುಂಬಿದ ವರದಿ ಪ್ರಕಟಿಸಿದರು. 1920ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬೀ ಕ್ಯಾಲ್ಸಿಯಂ ಫಾಸ್ಫೇಟನ್ನು ಬಳಸಿ ನೋಡಿದರು. ಹೊಸ ಆವಿಷ್ಕಾರವೆಂದು ಜಾಹೀರಾತುಗಳಲ್ಲಿ ಕಾಣುವ ಈ ವಸ್ತುಗಳ ಮೂಲ ಕಲ್ಪನೆಗೆ ನೂರು ವರ್ಷ ದಾಟಿದೆ.

ಇವುಗಳಲ್ಲಿ ಮುಖ್ಯ ವ್ಯತ್ಯಾಸ ಇರುವುದು ಎಷ್ಟು ಕಾಲ ಉಳಿಯುತ್ತವೆ ಎಂಬುದರಲ್ಲಿ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಶುದ್ಧೀಕರಿಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್, ಬಹುಬೇಗ ಕರಗುತ್ತದೆ. ಒಂದೂವರೆಯಿಂದ ಮೂರು ತಿಂಗಳೊಳಗೆ ಎಕ್ಸ್‌ರೇಯಲ್ಲಿ ಕಾಣದಂತಾಗುತ್ತದೆ. ಮೂಳೆ ಅಷ್ಟು ಬೇಗ ಬೆಳೆಯುವುದಿಲ್ಲವಾದ್ದರಿಂದ ದೊಡ್ಡ ಅಂತರಕ್ಕೆ ಅದು ಹೊಂದುವುದಿಲ್ಲ. ಸೋಂಕಿರುವ ಕಡೆ ಆ್ಯಂಟಿಬಯೋಟಿಕ್ ಬೆರೆಸಿ ತುಂಬಲು ಮಾತ್ರ ಅದು ಬಹಳ ಉಪಯುಕ್ತ, ಕರಗುತ್ತ ಕರಗುತ್ತ ಔಷಧವನ್ನು ಅಲ್ಲೇ ಬಿಡುತ್ತ ಹೋಗುತ್ತದೆ. ಅದು ಕರಗುವಾಗ ಗಾಯದಿಂದ ತಿಳಿಯಾದ ದ್ರವ ಸೋರುವುದುಂಟು. ಅದನ್ನು ಕೀವೆಂದು ತಿಳಿದು ಮನೆಯವರು ಗಾಬರಿಯಾಗುತ್ತಾರೆ, ಹಾಗಾಗಿ ಮೊದಲೇ ಹೇಳಿಡುವುದು ವೈದ್ಯರ ಕರ್ತವ್ಯ.

ಇನ್ನೊಂದು ಕೊನೆಯಲ್ಲಿ ಹೈಡ್ರಾಕ್ಸಿಅಪಟೈಟ್ ಇದೆ. ಮೂಳೆಯ ಖನಿಜಕ್ಕೆ ತೀರ ಹತ್ತಿರದ ಸಂಯೋಜನೆ ಇದರದು, ಆದರೆ ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿಮಾಡಿದ ಮೇಲೆ ಅದು ದೇಹದ ದ್ರವದಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹೊಸ ಮೂಳೆ ಅದರ ಮೇಲೆ, ಅದರ ರಂಧ್ರಗಳ ಒಳಗೆ ಬೆಳೆದು ಬಿಗಿಯಾಗಿ ಕೂಡಿಕೊಳ್ಳುತ್ತದೆ, ಆದರೂ ಹರಳು ಹಲವಾರು ವರ್ಷ ಹಾಗೆಯೇ ಉಳಿಯುತ್ತದೆ. ಇವೆರಡರ ನಡುವೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬರುತ್ತದೆ. ಅದರ ರಂಧ್ರಗಳು, ತುಂಡಿನ ಗಾತ್ರ, ಇಟ್ಟ ಜಾಗ ಇವನ್ನು ಅನುಸರಿಸಿ ಸುಮಾರು ಆರು ತಿಂಗಳಿಂದ ಎರಡು ವರ್ಷದೊಳಗೆ ಅದು ಬಹುಮಟ್ಟಿಗೆ ಮಾಯವಾಗಿ, ಆ ಸ್ಥಾನಕ್ಕೆ ಮೂಳೆ ಬರುತ್ತದೆ. ಹೈಡ್ರಾಕ್ಸಿಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ಗಳನ್ನು 60ಕ್ಕೆ 40ರ ಪ್ರಮಾಣದಲ್ಲಿ ಬೆರೆಸಿದ ಹರಳುಗಳು ಬಹಳ ಬಳಕೆಯಲ್ಲಿವೆ. ಅವುಗಳಲ್ಲಿ ಒಂದು ಭಾಗ ಬೇಗ ಜಾಗ ಬಿಟ್ಟುಕೊಟ್ಟರೆ ಇನ್ನೊಂದು ಭಾಗ ಆಸರೆಯಾಗಿ ನಿಲ್ಲುತ್ತದೆ.

ಆದ್ದರಿಂದ ಕೃತಕ ವಸ್ತು ನಿಜವಾದ ಮೂಳೆಯಾಗುತ್ತದೆಯೇ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೀಗಿದೆ: ಅದು ಮೂಳೆಯಾಗಿ ಮಾರ್ಪಡುವುದಿಲ್ಲ, ಮೂಳೆಗೆ ಜಾಗ ಬಿಟ್ಟುಕೊಡುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಆಮ್ಲ ಸುರಿಸಿ ಕರಗಿಸುವ ರೀತಿಯಲ್ಲೇ ಈ ಹರಳನ್ನೂ ಕರಗಿಸುತ್ತವೆ, ಅವುಗಳ ಹಿಂದೆಯೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆಯನ್ನು ಹಾಕುತ್ತವೆ. ಈ ಎರಡು ಕೆಲಸಗಳ ವೇಗ ಹೊಂದಿಕೊಳ್ಳಬೇಕು. ಹರಳು ಬೇಗ ಕರಗಿದರೆ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ತೀರ ತಡವಾದರೆ ಮೂಳೆಗೆ ಬರಲು ಜಾಗವಿರುವುದಿಲ್ಲ. ವಸ್ತುವಿಜ್ಞಾನಿಗಳು ಇಷ್ಟು ವರ್ಷ ಶ್ರಮಪಟ್ಟಿರುವುದರಲ್ಲಿ ಬಹುಪಾಲು ಈ ವೇಗದ ಹೊಂದಾಣಿಕೆಗೇ, ಮತ್ತು ಅದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಏಕೆಂದರೆ ಮೂಳೆ ಬೆಳೆಯುವ ವೇಗ ವಯಸ್ಸು, ಜಾಗ, ರಕ್ತದ ಹರಿವು, ಮಧುಮೇಹ, ಧೂಮಪಾನ ಇವುಗಳಿಂದಾಗಿ ಒಬ್ಬರಿಂದ ಒಬ್ಬರಿಗೆ ಬಹಳವಾಗಿ ಬದಲಾಗುತ್ತದೆ. ಪೊಟ್ಟಣದೊಳಗಿನ ಹರಳಿಗೆ ಇದಾವುದೂ ತಿಳಿದಿರುವುದಿಲ್ಲ.

ಗಾಜಿನ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರು ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕ ಸೇರಿದ ಒಂದು ಗಾಜನ್ನು ರೂಪಿಸಿದರು. ಅಲ್ಲಿಯವರೆಗೆ ದೇಹದೊಳಗೆ ಇಡುವ ವಸ್ತು ದೇಹದೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದಿದ್ದರೆ ಸಾಕು ಎಂಬುದೇ ಗುರಿಯಾಗಿತ್ತು. ಈ ಗಾಜು ಬೇರೆ ದಾರಿ ತೋರಿಸಿತು. ದೇಹದ ದ್ರವ ತಾಗಿದೊಡನೆ ಅದರ ಮೇಲ್ಮೈಯಿಂದ ಸೋಡಿಯಂ, ಕ್ಯಾಲ್ಸಿಯಂ ಹೊರಬರುತ್ತವೆ, ಸಿಲಿಕಾದ ಲೋಳೆಯಂಥ ಪದರವೊಂದು ಉಳಿಯುತ್ತದೆ, ಅದರ ಮೇಲೆ ಮೂಳೆಯ ಖನಿಜದಂಥದೇ ಅಪಟೈಟ್ ಹರಳುಗಟ್ಟುತ್ತದೆ, ಪಕ್ಕದ ಮೂಳೆ ಅದಕ್ಕೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಸುತ್ತಲಿನ ದ್ರವ ಕ್ಷಾರೀಯವಾಗುವುದರಿಂದ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬದುಕುವುದು ಕಷ್ಟ. ಇದೇ ಕಾರಣಕ್ಕೆ ಈ ಜಾತಿಯ ಎಸ್53ಪಿ4 ಎಂಬ ಗಾಜಿನ ಹರಳುಗಳನ್ನು ಮೂಳೆಯ ದೀರ್ಘಕಾಲದ ಸೋಂಕಿನಲ್ಲಿ, ಸೋಂಕಿನ ಭಾಗವನ್ನು ಕೆತ್ತಿ ತೆಗೆದ ಮೇಲೆ ಗುಳಿ ತುಂಬಲು ಬಳಸುತ್ತಾರೆ.

ಸಂಯೋಜನೆಯಷ್ಟೇ ಮುಖ್ಯವಾದದ್ದು ರಂಧ್ರಗಳ ರಚನೆ. ಒಳ್ಳೆಯ ಹರಳೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಸಮುದ್ರದ ಸ್ಪಂಜಿನ ಹಾಗೆ ತೂತುತೂತಾಗಿ ಕಾಣುತ್ತದೆ. ರೋಗಿಯ ರಕ್ತದ ಒಂದು ಹನಿಯನ್ನು ಅದರ ಒಂದು ಮೂಲೆಗೆ ತಾಗಿಸಿದರೆ ಬಿಳಿಯ ಹರಳು ಕ್ಷಣಾರ್ಧದಲ್ಲಿ ಒಳಗಿನ ತನಕ ಕೆಂಪಾಗುತ್ತದೆ. ಹಾಗೆ ಹೀರಿಕೊಳ್ಳದೆ ಹನಿ ಮೇಲೆಯೇ ನಿಂತರೆ ರಂಧ್ರಗಳು ಒಂದಕ್ಕೊಂದು ಕೂಡಿಲ್ಲ ಅಥವಾ ತೀರ ಕಿರಿದಾಗಿವೆ ಎಂದು ಅನುಮಾನಿಸಬೇಕು. ಮೂಳೆ ಒಳಹೊಗಲು ರಂಧ್ರ ಕನಿಷ್ಠ 100 ಮೈಕ್ರಾನ್ ಇರಬೇಕೆಂದು 1970ರ ಸುಮಾರಿನ ಪ್ರಯೋಗಗಳಿಂದಲೇ ಹೇಳುತ್ತ ಬಂದಿದ್ದಾರೆ. ರಕ್ತನಾಳಗಳೂ ಚೆನ್ನಾಗಿ ಬೆಳೆಯಬೇಕಾದರೆ 300 ಮೈಕ್ರಾನ್‌ಗಿಂತ ಹೆಚ್ಚಿರುವುದು ಒಳ್ಳೆಯದು. ಅದಕ್ಕಿಂತಲೂ ಮುಖ್ಯ, ಒಂದು ರಂಧ್ರದಿಂದ ಇನ್ನೊಂದಕ್ಕೆ ದಾರಿಯಿರುವುದು. ದಾರಿಯಿಲ್ಲದ ನೂರು ರಂಧ್ರಗಳಿದ್ದರೂ ರಕ್ತನಾಳ ಮೊದಲನೆಯದರಲ್ಲೇ ನಿಂತುಬಿಡುತ್ತದೆ. ಪ್ರಕೃತಿಯಲ್ಲಿ ಇಂಥ ಕೂಡಿಕೊಂಡ ರಂಧ್ರಗಳಿರುವ ವಸ್ತುವನ್ನು ಹುಡುಕಿದವರು ಹವಳದ ಅಸ್ಥಿಯನ್ನು ಆರಿಸಿಕೊಂಡು, ರಚನೆ ಕೆಡದಂತೆ ಅದರ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬಿಸಿನೀರಿನ ಒತ್ತಡದಲ್ಲಿ ಹೈಡ್ರಾಕ್ಸಿಅಪಟೈಟ್ ಆಗಿ ಬದಲಿಸುವ ವಿಧಾನವನ್ನು 1974ರಲ್ಲಿ ಪ್ರಕಟಿಸಿದರು. ಇಂದು 3ಡಿ ಮುದ್ರಣದಿಂದ ಬೇಕಾದ ಅಳತೆಯ ರಂಧ್ರಗಳನ್ನು, ಸಿಟಿ ಸ್ಕ್ಯಾನ್‌ನಲ್ಲಿ ಕಂಡ ಅಂತರಕ್ಕೆ ಸರಿಹೊಂದುವ ಆಕಾರವನ್ನು ಪಡೆಯಬಹುದು. ತಲೆಬುರುಡೆ, ದವಡೆಯಂಥ ಕಡೆ ಆಕಾರವೇ ಮುಖ್ಯವಾದ್ದರಿಂದ ಇದು ದೊಡ್ಡ ಸಹಾಯ. ಕಾಲಿನ ಮೂಳೆಯ ಅಂತರದಲ್ಲಿ ಆಕಾರ ಎಷ್ಟು ಕರಾರುವಾಕ್ಕಾಗಿದ್ದರೂ ರಕ್ತದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ರಂಧ್ರ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಮೂಳೆಯ ಹೊರಗಿನ ಗಟ್ಟಿ ಪದರ ಸುಮಾರು 100 ರಿಂದ 200 ಮೆಗಾಪಾಸ್ಕಲ್ (ಒತ್ತಡದ ಅಳತೆ) ಒತ್ತಡವನ್ನು ತಾಳುತ್ತದೆ, ಒಳಗಿನ ಜಾಲರಿ ಮೂಳೆ ಸುಮಾರು 2 ರಿಂದ 12. ರಂಧ್ರಭರಿತ ಕೃತಕ ಹರಳಿನ ಬಲ ಈ ಜಾಲರಿ ಮೂಳೆಯ ಆಸುಪಾಸಿನದು. ಅದೂ ನೇರ ಒತ್ತಡಕ್ಕೆ ಮಾತ್ರ. ಬಾಗಿಸಿದರೆ, ತಿರುಚಿದರೆ ಅದು ಸುಲಭವಾಗಿ ಒಡೆಯುತ್ತದೆ, ಏಕೆಂದರೆ ಮೂಳೆಯಲ್ಲಿರುವ ಕೊಲ್ಲಾಜನ್ ನಾರು ಅದರಲ್ಲಿಲ್ಲ. ಕೃತಕ ಮೂಳೆ ಹಾಕಿದ್ದಾರೆ, ಇನ್ನು ಕಾಲೂರಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರವನ್ನು ಹೊರುವುದು ಪ್ಲೇಟು. ಪ್ಲೇಟು ಆಯಾಸಗೊಂಡು ಮುರಿಯುವುದರೊಳಗೆ ಮೂಳೆ ಕೂಡಬೇಕು. ಹಾಗಾದರೆ ಇಡೀ ಹಂದರವನ್ನೇ ಟೈಟಾನಿಯಂನಂಥ ಲೋಹದಿಂದ ಮಾಡಬಾರದೇಕೆ ಎಂದು ನೀವು ಕೇಳಬಹುದು. ಲೋಹ ಕರಗುವುದಿಲ್ಲ, ಜೊತೆಗೆ ಮೂಳೆಗಿಂತ ಹಲವು ಪಟ್ಟು ಬಿರುಸಾದ್ದರಿಂದ ಭಾರವನ್ನೆಲ್ಲ ತಾನೇ ಹೊತ್ತು ಪಕ್ಕದ ಮೂಳೆಯನ್ನು ಕೆಲಸವಿಲ್ಲದಂತೆ ಮಾಡುತ್ತದೆ. ಕೆಲಸವಿಲ್ಲದ ಮೂಳೆ ಸವೆಯುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮುಂತಾದ ಕರಗುವ ಪಾಲಿಮರ್‌ಗಳು ಸುಲಭವಾಗಿ ಒಡೆಯುವುದಿಲ್ಲವಾದರೂ ಭಾರ ಹೊರುವಷ್ಟು ಬಿರುಸಲ್ಲ, ಮತ್ತು ಪಾಲಿಲ್ಯಾಕ್ಟಿಕ್ ಜಾತಿಯವು ಕರಗುವಾಗ ಆಮ್ಲ ಬಿಡುವುದರಿಂದ ಸುತ್ತ ಉರಿಯೂತ ಆಗಬಹುದು. ಆದ್ದರಿಂದ ಪಾಲಿಮರ್ ಮತ್ತು ಖನಿಜ ಎರಡನ್ನೂ ಬೆಸೆದ ಹಂದರಗಳ ಕಡೆಗೆ ಸಂಶೋಧನೆ ಹೊರಳಿದೆ.

ಕೃತಕ ವಸ್ತುವೇ ಮೇಲುಗೈ ಸಾಧಿಸಿರುವ ಜಾಗಗಳೂ ಇವೆ, ಅವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊಣಕಾಲಿನ ಕೀಲಿನ ಕೆಳಗಿನ ಮೇಲ್ಮೈ ಕುಸಿದು ಮುರಿದಾಗ ಅದನ್ನು ಎತ್ತಿ ಮಟ್ಟ ಮಾಡಿದ ಮೇಲೆ ಅಡಿಯಲ್ಲಿ ಗುಳಿ ಉಳಿಯುತ್ತದೆ. ಸುತ್ತಲೂ ಜೀವಂತ ಜಾಲರಿ ಮೂಳೆಯಿರುವ ಈ ಗುಳಿಗೆ, ದೇಹದ ಶಾಖದಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟನ್ನು ತುಂಬಿದವರಲ್ಲಿ ಮೇಲ್ಮೈ ಮತ್ತೆ ಕುಸಿಯುವುದು ಸೊಂಟದ ಮೂಳೆ ತುಂಬಿದವರಿಗಿಂತ ಕಡಿಮೆ ಎಂದು 2008ರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನ ತೋರಿಸಿತು. ಮೂಳೆಯೊಳಗಿನ ಅಪಾಯವಿಲ್ಲದ ಗಡ್ಡೆಯನ್ನು ಕೆರೆದು ತೆಗೆದ ಮೇಲೆ ಉಳಿಯುವ ಗುಳಿಗೂ ಕೃತಕ ಹರಳು ಸಾಕಾಗುತ್ತದೆ. ಮಕ್ಕಳಲ್ಲಂತೂ ಅವರ ಪುಟ್ಟ ಸೊಂಟವನ್ನು ಕೊಯ್ಯದೆ ಉಳಿಸಬಹುದು. ನಿಮ್ಮ ತಮ್ಮನಿಗೆ ಪೆಟ್ಟು ಬಿದ್ದದ್ದು ಅಂಥ ಜಾಗದಲ್ಲಾಗಿದ್ದರೆ ನನ್ನ ಉತ್ತರ ಬೇರೆಯೇ ಆಗಿರುತ್ತಿತ್ತು.

ಹಂದರಕ್ಕೆ ಇಲ್ಲದ ಎರಡನ್ನು, ಅಂದರೆ ಪ್ರೋಟೀನು ಮತ್ತು ಕೋಶಗಳನ್ನು, ಹೊರಗಿನಿಂದ ಸೇರಿಸಲಾಗದೇ? ಸೇರಿಸಬಹುದು, ಸೇರಿಸಿಯೂ ಇದ್ದಾರೆ. ಖನಿಜ ತೆಗೆದ ಮೂಳೆಯನ್ನು ಮಾಂಸಖಂಡದೊಳಗಿಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂದು ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯುರಿಸ್ಟ್ 1965ರಲ್ಲಿ ತೋರಿಸಿದರು. ಅದಕ್ಕೆ ಕಾರಣವಾದ ಪ್ರೋಟೀನುಗಳಿಗೆ ಬಿಎಂಪಿ ಎಂಬ ಹೆಸರು ಬಂತು. ಅವುಗಳಲ್ಲಿ ಬಿಎಂಪಿ-2 ಎಂಬುದನ್ನು ಜೈವಿಕ ತಂತ್ರಜ್ಞಾನದಿಂದ ತಯಾರಿಸಿ, ಕೊಲ್ಲಾಜನ್ ಸ್ಪಂಜಿನಲ್ಲಿ ನೆನೆಸಿ ಇಡುವ ಪದ್ಧತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2002ರಲ್ಲಿ ಬೆನ್ನುಮೂಳೆಗೂ 2004ರಲ್ಲಿ ಚರ್ಮ ಸೀಳಿದ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮುರಿತಕ್ಕೂ ಒಪ್ಪಿಗೆ ಕೊಟ್ಟಿತು. ಆದರೆ ಸ್ಪಂಜು ಆ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರವಾದ್ದರಿಂದ ದೇಹದಲ್ಲಿ ಸಹಜವಾಗಿರುವುದಕ್ಕಿಂತ ಅತಿ ಹೆಚ್ಚಿನ ಪ್ರಮಾಣ ಹಾಕಬೇಕಾಗುತ್ತದೆ. ಕತ್ತಿನ ಮೂಳೆಗಳಲ್ಲಿ ಬಳಸಿದಾಗ ಗಂಟಲು ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದ ಪ್ರಕರಣಗಳ ಬಗ್ಗೆ 2008ರಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಕೊಡಬೇಕಾಯಿತು. ಪ್ರೋಟೀನನ್ನು ಸ್ವಲ್ಪಸ್ವಲ್ಪವಾಗಿ, ವಾರಗಟ್ಟಲೆ ಬಿಡುವ ಹಂದರ ಸಿದ್ಧವಾದರೆ ಈ ಚಿಕಿತ್ಸೆಯ ಸ್ವರೂಪವೇ ಬದಲಾಗುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೋಶಗಳ ವಿಷಯದಲ್ಲಿ 2001ರಲ್ಲಿ ಇಟಲಿಯ ತಂಡವೊಂದರ ವರದಿ ಬಂತು. ಮೂವರು ರೋಗಿಗಳ ಮೂಳೆಮಜ್ಜೆಯಿಂದ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಹೆಚ್ಚಿಸಿ, ಅಂತರದ ಅಳತೆಗೆ ತಯಾರಿಸಿದ ಹೈಡ್ರಾಕ್ಸಿಅಪಟೈಟ್ ಹಂದರದ ಮೇಲೆ ಕೂರಿಸಿ ಇಟ್ಟರು. ಮೂವರಿಗೂ ಮೂಳೆ ಕೂಡಿತು. ವರ್ಷಗಳ ನಂತರ ನೋಡಿದಾಗಲೂ ಕೂಡಿಕೆ ಭದ್ರವಾಗಿತ್ತು, ಹಂದರ ಮಾತ್ರ ಕರಗದೆ ಹಾಗೆಯೇ ಇತ್ತು. ಬಹಳ ಆಸೆ ಹುಟ್ಟಿಸುವ ಕೆಲಸ ಇದು, ಆದರೆ ಮೂವರ ಅನುಭವದಿಂದ ಚಿಕಿತ್ಸೆಯ ನಿಯಮ ಮಾಡಲಾಗದು, ಮತ್ತು ಕೋಶಗಳನ್ನು ಬೆಳೆಸಲು ವಿಶೇಷ ಪ್ರಯೋಗಾಲಯ, ವಾರಗಳ ಕಾಲ, ಕಟ್ಟುನಿಟ್ಟಿನ ಶುದ್ಧತೆ ಬೇಕು. ಇದಕ್ಕಿಂತ ಸರಳವಾದ ದಾರಿಯೊಂದಿದೆ: ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆಯನ್ನು ಹೀರಿ, ಯಂತ್ರದಲ್ಲಿ ತಿರುಗಿಸಿ ಕೋಶಗಳನ್ನು ಸಾಂದ್ರಗೊಳಿಸಿ, ಅದರಲ್ಲಿ ಕೃತಕ ಹರಳುಗಳನ್ನು ನೆನೆಸಿ ತುಂಬುವುದು. ಕೊಯ್ಯುವ ಗಾಯವಿಲ್ಲದೆ ಒಂದಿಷ್ಟು ಕೋಶಗಳಾದರೂ ಹಂದರದ ಜೊತೆ ಹೋಗುತ್ತವೆ.

ನಿಮ್ಮ ತಮ್ಮನ ಕಾಲಿನಲ್ಲಿ ಸದ್ಯ ಇರುವ ಸಿಮೆಂಟಿನ ತುಂಡಿಗೂ ಇದೇ ವಿಚಾರದಲ್ಲಿ ದೊಡ್ಡ ಪಾತ್ರವಿದೆ. ಅದು ಜಾಗ ಕಾಯ್ದಿರಿಸಲು ಮಾತ್ರ ಇಟ್ಟದ್ದಲ್ಲ. ಫ್ರಾನ್ಸಿನ ಅಲೇನ್ ಮಾಸ್ಕ್ಲೇ 1980ರ ದಶಕದಲ್ಲಿ ಬಳಕೆಗೆ ತಂದ ಈ ಕ್ರಮದಲ್ಲಿ, ಸಿಮೆಂಟಿನ ಸುತ್ತ ದೇಹವೇ ಆರರಿಂದ ಎಂಟು ವಾರಗಳಲ್ಲಿ ಸುಮಾರು ಒಂದು ಮಿಲಿಮೀಟರ್ ದಪ್ಪದ ಪೊರೆಯೊಂದನ್ನು ಕಟ್ಟುತ್ತದೆ. ರಕ್ತನಾಳಗಳಿಂದ ತುಂಬಿದ ಆ ಪೊರೆ ರಕ್ತನಾಳ ಮತ್ತು ಮೂಳೆಯ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳನ್ನೂ ಸ್ರವಿಸುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಪೊರೆಯನ್ನು ಜೋಪಾನವಾಗಿ ಸೀಳಿ, ಸಿಮೆಂಟನ್ನು ತೆಗೆದು, ಆ ಚೀಲದೊಳಗೆ ಮೂಳೆಯ ಚೂರುಗಳನ್ನು ತುಂಬಿ ಮತ್ತೆ ಹೊಲಿಯುತ್ತಾರೆ. ರಕ್ತದ ಕೊರತೆಯನ್ನು ಪೊರೆ, ಕೋಶಗಳ ಕೊರತೆಯನ್ನು ಸೊಂಟದ ಮೂಳೆ, ಭದ್ರತೆಯನ್ನು ಪ್ಲೇಟು ನೀಗಿಸುತ್ತವೆ. ಉಳಿದದ್ದು ಪ್ರಮಾಣ. ತೆಗೆದ ಮೂಳೆ ಚೀಲ ತುಂಬಲು ಸಾಲದಿದ್ದರೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳನ್ನು ಬೆರೆಸುವುದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ, ಸ್ವಂತ ಮೂಳೆಯ ಪಾಲೇ ಸ್ಪಷ್ಟವಾಗಿ ಹೆಚ್ಚಿರಬೇಕು ಅಷ್ಟೇ. ಸಾಕಷ್ಟು ಮೂಳೆ ಸಿಕ್ಕರೆ ಬೆರೆಸುವ ಅಗತ್ಯವೇ ಇಲ್ಲ. ನಿಮ್ಮ ವೈದ್ಯರಿಗೆ ನೀವು ಕೇಳಬೇಕಾದ ಪ್ರಶ್ನೆ ಇದು: ಎಷ್ಟು ಪಾಲು ಬೆರೆಸುತ್ತೀರಿ, ಯಾವ ವಸ್ತು, ಅದು ಎಷ್ಟು ಕಾಲ ಉಳಿಯುತ್ತದೆ? ಅದರ ಜೊತೆಗೆ, ಗಾಯದಲ್ಲಿ ಸೋಂಕಿಲ್ಲವೆಂದು ಯಾವ ಪರೀಕ್ಷೆಯಿಂದ ಖಚಿತಪಡಿಸಿಕೊಂಡಿದ್ದೀರಿ ಎಂದೂ ಕೇಳಿ. ಸೋಂಕಿರುವ ಜಾಗದಲ್ಲಿ ಸ್ವಂತ ಮೂಳೆಯೂ ಉಳಿಯುವುದಿಲ್ಲ, ಹರಳುಗಳಂತೂ ಬ್ಯಾಕ್ಟೀರಿಯಾಗಳಿಗೆ ಅಡಗುವ ತಾಣವಾಗುತ್ತವೆ.

ನಿಮ್ಮ ತಮ್ಮನ ಕೈಯಲ್ಲಿರುವ ಒಂದು ವಿಷಯವಿದೆ. ಅವರು ಸಿಗರೇಟು ಸೇದುವವರಾದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಪೂರ್ತಿ ಬಿಡಲಿ. ಹೊಗೆಯಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ಕಸಿಯುತ್ತದೆ. ಇಷ್ಟೆಲ್ಲ ಪ್ರಯತ್ನ ನಡೆಯುತ್ತಿರುವುದೇ ಆ ಜಾಗಕ್ಕೆ ರಕ್ತವನ್ನು ಮುಟ್ಟಿಸುವುದಕ್ಕಾಗಿ.

ಹರಳು ಬೆರೆಸಿದರೆ ಮುಂದಿನ ಎಕ್ಸ್‌ರೇಗಳನ್ನು ಓದುವಾಗ ಒಂದು ಎಚ್ಚರ ಬೇಕು. ಶಸ್ತ್ರಚಿಕಿತ್ಸೆಯ ಮರುದಿನವೇ ಆ ಜಾಗ ಮೂಳೆಗಿಂತಲೂ ಬೆಳ್ಳಗೆ, ತುಂಬಿದಂತೆ ಕಾಣುತ್ತದೆ. ಅದು ಹರಳಿನ ಬಿಳುಪು, ಕೂಡಿಕೆಯ ಗುರುತಲ್ಲ. ತಿಂಗಳುಗಳು ಕಳೆದಂತೆ ಪ್ರತಿ ಹರಳಿನ ಅಂಚು ಮಸುಕಾಗುತ್ತ, ಸುತ್ತಲಿನ ಮೂಳೆಯಲ್ಲಿ ಬೆರೆತು ಹೋಗುತ್ತ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಅದರ ಬದಲು ಹರಳುಗಳ ಅಂಚು ಚೂಪಾಗಿಯೇ ಉಳಿದು, ಅವುಗಳ ಗುಂಪಿಗೂ ಮೂಳೆಯ ತುದಿಗೂ ನಡುವೆ ಕಪ್ಪು ಗೆರೆಯೊಂದು ಕಾಣುತ್ತಿದ್ದರೆ ಅಲ್ಲಿ ನಾರಿನಂಥ ಅಂಗಾಂಶ ಬಂದಿರುವ ಅನುಮಾನವಿದೆ. ಎದುರಿನಿಂದ ಮತ್ತು ಪಕ್ಕದಿಂದ ತೆಗೆದ ಎರಡು ಚಿತ್ರಗಳಲ್ಲಿ ಒಟ್ಟು ನಾಲ್ಕು ಬದಿಯ ಗಟ್ಟಿ ಪದರ ಕಾಣುತ್ತದೆ. ಅವುಗಳಲ್ಲಿ ಮೂರರಲ್ಲಾದರೂ ಮೂಳೆ ಒಂದು ತುದಿಯಿಂದ ಇನ್ನೊಂದರವರೆಗೆ ಅಖಂಡವಾಗಿ ಹಾದುಹೋಗಿದ್ದರೆ ಕೂಡಿದೆ ಎಂದು ಪರಿಗಣಿಸುತ್ತೇವೆ. ಹರಳಿನ ಬಿಳುಪಿನಿಂದ ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸುವುದು ಸರಿ. ಅಲ್ಲಿಯವರೆಗೆ ಕಾಲಿನ ಮೇಲೆ ಎಷ್ಟು ಭಾರ ಹಾಕಬೇಕೆಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹಂತಹಂತವಾಗಿ ತೀರ್ಮಾನಿಸಲಿ, ಮತ್ತು ಮೂಳೆ ಕೂಡಿದ ಮೇಲೂ ಪ್ಲೇಟನ್ನು ತೆಗೆಸಲು ಆತುರಪಡಬೇಡಿ: ಹೊಸ ಮೂಳೆ ಭಾರಕ್ಕೆ ತಕ್ಕಂತೆ ತನ್ನನ್ನು ಗಟ್ಟಿ ಪದರವಾಗಿ ಹೊಂದಿಸಿಕೊಳ್ಳಲು ಕೂಡಿಕೆಯ ನಂತರವೂ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.